ಬೇರ್ಪಟ್ಟ ದಂಪತಿಗಳು, ಮಕ್ಕಳು ಮತ್ತು ನ್ಯಾಯ
(ಶತಮಾನೋತ್ಸವದ ಕುಟುಂಬ ಸಮಾವೇಶದಲ್ಲಿ ಮಾಡಿದ ಭಾಷಣ)



ನೂರು ವರ್ಷಗಳ ಸಂಭ್ರಮದ ನಡುವೆ ವಿವಾಹ ವಿಚ್ಛೇದನದ ಮಾತನ್ನೆತ್ತುವುದು ಹಲವರಿಗೆ ಹಿತವೆನಿಸದಿರಬಹುದು. ಬೆಳ್ಳಿಹಬ್ಬವನ್ನೂ ಸುವರ್ಣ ಮಹೋತ್ಸವವನ್ನೂ ಕಂಡ ದಂಪತಿಗಳಿಗೆ ಇದೇ ವೇದಿಕೆಯ ಮೇಲೆ ಹೂಹಾರ ಹಾಕಿ ಗೌರವಿಸಿದ್ದೇವೆ. ಅದು ಯೋಗ್ಯವೂ ಹೌದು, ಅವಶ್ಯವೂ ಹೌದು. ಆದರೆ ಆ ಸಾಲಿನಲ್ಲಿ ನಿಲ್ಲಲಾಗದವರೂ ನಮ್ಮವರೇ. ಅವರ ವಿವಾಹವೂ ಇದೇ ಪೀಠದ ಮುಂದೆ ನೆರವೇರಿದೆ. ಅವರ ಹೆಸರೂ ಇದೇ ದೇವಾಲಯದ ವಿವಾಹ ದಾಖಲೆಯ ಪುಸ್ತಕದಲ್ಲಿದೆ. ಅವರನ್ನು ಮರೆತು ನಾವು ಆಚರಿಸುವ ಹಬ್ಬ ಪೂರ್ಣವಾಗದು. ಆದುದರಿಂದ ಸಮಾವೇಶದ ಸಂಚಾಲಕರು ಈ ವಿಷಯವನ್ನು ನಮಗೆ ವಹಿಸಿದಾಗ ಸಂತೋಷದಿಂದಲೇ ಒಪ್ಪಿಕೊಂಡೆವು.

ನಮ್ಮ ಜನರಲ್ಲಿ ಎರಡು ತಪ್ಪು ತಿಳಿವಳಿಕೆಗಳು ಬೇರೂರಿವೆ. ನ್ಯಾಯಾಲಯದ ಮೆಟ್ಟಿಲೇರುವುದೇ ಪಾಪವೆಂಬುದು ಒಂದು. ಧರ್ಮಪ್ರಾಂತ್ಯದ ವಿವಾಹ ನ್ಯಾಯಮಂಡಳಿಯ ತೀರ್ಪು ಕೈಸೇರಿತೆಂದರೆ ಎಲ್ಲವೂ ಮುಗಿಯಿತೆಂಬುದು ಇನ್ನೊಂದು. ಮೊದಲನೆಯದರಿಂದ ಪರಿತ್ಯಕ್ತರಾದ ಹೆಣ್ಣುಮಕ್ಕಳು ತಮಗೂ ತಮ್ಮ ಮಕ್ಕಳಿಗೂ ಸಲ್ಲಬೇಕಾದುದನ್ನು ಕೇಳದೆ ವರ್ಷಗಟ್ಟಲೆ ತವರಿನ ಹಂಗಿನಲ್ಲಿ ಸವೆಯುತ್ತಾರೆ. ಎರಡನೆಯದರಿಂದ ಪ್ರಾಮಾಣಿಕರಾದವರೂ ಅರಿಯದೆ ಶಿಕ್ಷಾರ್ಹ ಅಪರಾಧಕ್ಕೆ ಗುರಿಯಾಗುತ್ತಾರೆ. ಈ ಎರಡನ್ನೂ ನಿವಾರಿಸುವುದೇ ನಮ್ಮ ಇಂದಿನ ಉದ್ದೇಶ.

ಮೊದಲು ಧರ್ಮಸಭೆಯ ಬೋಧನೆಯನ್ನು ನೋಡೋಣ. ದೀಕ್ಷಾಸ್ನಾನ ಪಡೆದ ಇಬ್ಬರ ನಡುವೆ ಕ್ರಮಬದ್ಧವಾಗಿ ನಡೆದು ಪರಿಪೂರ್ಣಗೊಂಡ ವಿವಾಹಬಂಧನವನ್ನು ಮಾನವನ ಯಾವ ಅಧಿಕಾರವೂ ಬಿಚ್ಚಲಾರದು. ಈ ನಂಬಿಕೆಯಲ್ಲಿ ರಾಜಿಯಿಲ್ಲ. ಆದರೆ ಬಂಧನ ಶಾಶ್ವತವೆಂದ ಮಾತ್ರಕ್ಕೆ ಪೆಟ್ಟು ತಿನ್ನುತ್ತ ಒಂದೇ ಸೂರಿನಡಿ ಬಾಳಲೇಬೇಕೆಂದು ಧರ್ಮಸಭೆ ಎಂದೂ ವಿಧಿಸಿಲ್ಲ. 1983ರ ಧರ್ಮಸಭಾ ಶಾಸನ ಸಂಹಿತೆಯ 1153ನೆಯ ವಿಧಿಯು, ಸಂಗಾತಿಯಿಂದ ದೇಹಕ್ಕಾಗಲಿ ಆತ್ಮಕ್ಕಾಗಲಿ ಗಂಭೀರ ಅಪಾಯವಿದ್ದರೆ ಬೇರೆಯಾಗಿ ವಾಸಿಸಲು ನ್ಯಾಯವಾದ ಕಾರಣವಿದೆಯೆಂದು ಒಪ್ಪುತ್ತದೆ. ವಿಳಂಬವೇ ಅಪಾಯಕರವಾದಲ್ಲಿ ಅನುಮತಿಗಾಗಿ ಕಾಯದೆ ಸ್ವಂತ ನಿರ್ಧಾರದಿಂದ ಹೊರಡಲೂ ಅವಕಾಶ ನೀಡುತ್ತದೆ. ಅದರ ಮುಂದಿನ ವಿಧಿಯು, ದಂಪತಿಗಳು ಬೇರ್ಪಟ್ಟಾಗ ಮಕ್ಕಳ ಪೋಷಣೆಗೂ ಶಿಕ್ಷಣಕ್ಕೂ ತಕ್ಕ ಏರ್ಪಾಡು ಆಗಲೇಬೇಕೆಂದು ಆಜ್ಞಾಪಿಸುತ್ತದೆ.

ಇನ್ನೂ ಒಂದು ಮಾತು. ಕೆಲವೊಮ್ಮೆ ಕಾನೂನುಬದ್ಧ ಹಕ್ಕುಗಳನ್ನು, ಮಕ್ಕಳ ಪಾಲನೆಯನ್ನು ಅಥವಾ ಆಸ್ತಿಯನ್ನು ರಕ್ಷಿಸಿಕೊಳ್ಳಲು ನಾಗರಿಕ ವಿಚ್ಛೇದನವಲ್ಲದೆ ಬೇರೆ ದಾರಿ ಇರುವುದಿಲ್ಲ. ಅಂಥ ಸಂದರ್ಭದಲ್ಲಿ ಅದನ್ನು ಸಹಿಸಬಹುದು, ಅದು ನೈತಿಕ ದೋಷವಾಗದು ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2383ನೆಯ ಅಂಶ ಸ್ಪಷ್ಟಪಡಿಸಿದೆ. ಇಲ್ಲಿ ಬಿಡುಗಡೆಯಾಗುವುದು ಸರ್ಕಾರದ ದೃಷ್ಟಿಯ ಸಂಬಂಧವೇ ಹೊರತು ಸಂಸ್ಕಾರದ ಬಂಧನವಲ್ಲ. ಆದುದರಿಂದ ಜೀವನಾಂಶಕ್ಕಾಗಿ ಅರ್ಜಿ ಹಾಕಿದ ತಾಯಿಯನ್ನು ದೇವರಿಗೆ ಬೆನ್ನು ತೋರಿದವಳೆಂದು ಕಾಣುವುದು ಧರ್ಮಸಭೆಯ ಬೋಧನೆಯಲ್ಲ. ಅದು ನಮ್ಮ ಕಟ್ಟೆಪಂಚಾಯಿತಿಯ ಬೋಧನೆ. ವಿಚ್ಛೇದಿತರಾಗಿ ಮರುವಿವಾಹವಾಗದೆ ಬಾಳುವವರು, ವಿಚ್ಛೇದಿತರೆಂಬ ಒಂದೇ ಕಾರಣಕ್ಕೆ ಪರಮಪ್ರಸಾದದಿಂದ ದೂರ ನಿಲ್ಲಬೇಕಾಗಿಯೂ ಇಲ್ಲ.

ಇನ್ನು ಎರಡನೆಯ ತಪ್ಪು ತಿಳಿವಳಿಕೆಗೆ ಬರೋಣ. ಧರ್ಮಪ್ರಾಂತ್ಯದ ನ್ಯಾಯಮಂಡಳಿ ವಿಚ್ಛೇದನವನ್ನು ನೀಡುವುದಿಲ್ಲ. ವಿವಾಹದ ದಿನ ಕೊಟ್ಟ ಸಮ್ಮತಿಯಲ್ಲಿಯೇ ಮೂಲಭೂತ ದೋಷವಿತ್ತೆ, ಒತ್ತಾಯವೋ ವಂಚನೆಯೋ ವೈವಾಹಿಕ ಹೊಣೆಯನ್ನು ಹೊರಲಾಗದ ಮಾನಸಿಕ ಅಸಾಮರ್ಥ್ಯವೋ ಇತ್ತೆ ಎಂಬುದನ್ನು ಅದು ಪರಿಶೀಲಿಸುತ್ತದೆ. ಅಂಥ ದೋಷವಿದ್ದುದು ರುಜುವಾತಾದರೆ, ಸಂಸ್ಕಾರದ ವಿವಾಹವು ಮೊದಲಿನಿಂದಲೂ ಸಿದ್ಧಿಸಿರಲಿಲ್ಲವೆಂದು ಘೋಷಿಸುತ್ತದೆ. ಬಂಧನದ ಪರವಾಗಿ ವಾದಿಸಲು ಅಲ್ಲಿ ಒಬ್ಬ ಅಧಿಕಾರಿಯೇ ಇರುತ್ತಾರೆ. ಹಿಂದೆ ಎರಡು ನ್ಯಾಯಮಂಡಳಿಗಳ ಒಮ್ಮತದ ತೀರ್ಪು ಬೇಕಾಗಿತ್ತು. ವಿಶ್ವಗುರು ಫ್ರಾನ್ಸಿಸ್‌ರವರು 2015ರಲ್ಲಿ ಮಾಡಿದ ಸುಧಾರಣೆಯಿಂದ, ಆ ವರ್ಷದ ಡಿಸೆಂಬರ್ 8ರಿಂದೀಚೆಗೆ, ಯಾರೂ ಮೇಲ್ಮನವಿ ಸಲ್ಲಿಸದಿದ್ದಲ್ಲಿ ಒಂದೇ ತೀರ್ಪು ಸಾಕು. ಹೀಗೆ ಅಸಿಂಧುವೆಂದು ಘೋಷಿತವಾದ ವಿವಾಹದಲ್ಲಿ ಹುಟ್ಟಿದ ಮಕ್ಕಳು ಅಕ್ರಮ ಸಂತಾನವಾಗಿಬಿಡುತ್ತಾರೆಂಬ ಭಯ ನಮ್ಮಲ್ಲಿ ವ್ಯಾಪಕವಾಗಿದೆ. ಅದು ನಿರಾಧಾರ. ದಂಪತಿಗಳಲ್ಲಿ ಒಬ್ಬರಾದರೂ ಸದ್ಭಾವನೆಯಿಂದ ನೆರವೇರಿಸಿಕೊಂಡ ವಿವಾಹದ ಮಕ್ಕಳು ಸಕ್ರಮ ಸಂತಾನವೇ ಎಂದು 1137ನೆಯ ವಿಧಿಯ ಅನುಸಾರ ಧರ್ಮಸಭೆ ಪರಿಗಣಿಸುತ್ತದೆ. ಅಷ್ಟೇ ಅಲ್ಲ, ಪರಸ್ಪರರಿಗೂ ಮಕ್ಕಳಿಗೂ ಸಲ್ಲಿಸಬೇಕಾದ ನೈತಿಕ ಮತ್ತು ನಾಗರಿಕ ಹೊಣೆಗಳನ್ನು ತೀರ್ಪಿನಲ್ಲಿಯೇ ಇಬ್ಬರಿಗೂ ನೆನಪಿಸಬೇಕೆಂದು ಸಂಹಿತೆ ವಿಧಿಸಿದೆ.

ಆದರೆ ಈ ತೀರ್ಪಿಗೆ ರಾಷ್ಟ್ರದ ಕಾನೂನಿನಲ್ಲಿ ಬೆಲೆಯಿಲ್ಲ. 1996ರಲ್ಲಿ ಮಾಲಿ ಜೋಸೆಫ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ನಿರ್ಧರಿಸಿತು. ಬಳಿಕ ನಮ್ಮ ಮಂಗಳೂರಿನ ವಕೀಲರಾದ ಕ್ಲಾರೆನ್ಸ್ ಪಾಯಸ್‌ರವರು, ಧರ್ಮಸಭೆಯ ನ್ಯಾಯಮಂಡಳಿಯ ತೀರ್ಪಿಗೆ ನಾಗರಿಕ ಮಾನ್ಯತೆ ದೊರೆಯಬೇಕೆಂದು ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯನ್ನು ಸಲ್ಲಿಸಿದರು. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ವಜಾ ಮಾಡಿತು. ಇದರ ವ್ಯಾವಹಾರಿಕ ಫಲವನ್ನು ಗಟ್ಟಿಯಾಗಿ ನೆನಪಿಡಬೇಕು: ನ್ಯಾಯಮಂಡಳಿಯ ಕಾಗದವೊಂದನ್ನೇ ನಂಬಿ ಮರುವಿವಾಹವಾದವರು ದ್ವಿಪತ್ನೀತ್ವದ ಅಥವಾ ದ್ವಿಪತಿತ್ವದ ಆರೋಪವನ್ನು ಎದುರಿಸಬೇಕಾದೀತು. ಭಾರತೀಯ ನ್ಯಾಯ ಸಂಹಿತೆಯ 82ನೆಯ ಕಲಮಿನ ಅನ್ವಯ ಅದಕ್ಕೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಅದೇ ರೀತಿ, ನ್ಯಾಯಾಲಯದ ವಿಚ್ಛೇದನದ ಡಿಕ್ರಿಯೊಂದನ್ನೇ ಹಿಡಿದು ಬಂದವರಿಗೆ ದೇವಾಲಯದಲ್ಲಿ ವಿವಾಹ ಸಂಸ್ಕಾರ ದೊರೆಯದು. ಎರಡು ನ್ಯಾಯಪೀಠಗಳು, ಎರಡು ಪ್ರಶ್ನೆಗಳು, ಎರಡು ತೀರ್ಪುಗಳು. ಒಂದು ಮತ್ತೊಂದರ ಕೆಲಸವನ್ನು ಮಾಡದು.

ಇನ್ನು ರಾಷ್ಟ್ರದ ಕಾನೂನು. ನಮ್ಮ ಧರ್ಮಕೇಂದ್ರ ಸ್ಥಾಪನೆಯಾದ ಕಾಲಕ್ಕೇ ಕ್ರೈಸ್ತರಿಗೆ ಅನ್ವಯಿಸುತ್ತಿದ್ದ 1869ರ ವಿಚ್ಛೇದನ ಕಾಯಿದೆ ಇಂದಿಗೂ ಜಾರಿಯಲ್ಲಿದೆ. ಅದರ ಮೂಲರೂಪ ಸ್ತ್ರೀಯರ ಪಾಲಿಗೆ ಕಠೋರವಾಗಿತ್ತು. ಪತ್ನಿಯ ವ್ಯಭಿಚಾರವನ್ನು ತೋರಿಸಿದರೆ ಪತಿಗೆ ವಿಚ್ಛೇದನ ಸಿಗುತ್ತಿತ್ತು; ಪತ್ನಿಯಾದರೋ ಪತಿಯ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ, ಎರಡು ವರ್ಷಗಳ ಪರಿತ್ಯಾಗವನ್ನೋ ರುಜುವಾತುಪಡಿಸಬೇಕಾಗಿತ್ತು. ಜಿಲ್ಲಾ ನ್ಯಾಯಾಧೀಶರು ನೀಡಿದ ಡಿಕ್ರಿಯನ್ನು ಉಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳು ಸ್ಥಿರೀಕರಿಸುವವರೆಗೂ ಕಾಯಬೇಕಾಗಿತ್ತು. 1995ರಲ್ಲಿ ಕೇರಳದ, 1997ರಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯಗಳು ಈ ತಾರತಮ್ಯವನ್ನು ಸಂವಿಧಾನಬಾಹಿರವೆಂದು ಸಾರಿದವು. ಕ್ರೈಸ್ತ ಸ್ತ್ರೀಯರ ಮತ್ತು ಸಭೆಗಳ ದೀರ್ಘ ಒತ್ತಾಯದ ಬಳಿಕ ಸಂಸತ್ತು 2001ರಲ್ಲಿ ಕಾಯಿದೆಯನ್ನು ತಿದ್ದಿತು. ಈಗ ವ್ಯಭಿಚಾರ, ಕ್ರೌರ್ಯ, ಎರಡು ವರ್ಷಗಳ ಪರಿತ್ಯಾಗ, ಏಳು ವರ್ಷ ಸುಳಿವಿಲ್ಲದಿರುವಿಕೆ ಮೊದಲಾದ ಕಾರಣಗಳು ಪತಿಪತ್ನಿಯರಿಬ್ಬರಿಗೂ ಸಮಾನ. ಪತ್ನಿಗೆ ಕೆಲವು ಹೆಚ್ಚಿನ ಕಾರಣಗಳೂ ಉಂಟು. ಉಚ್ಚ ನ್ಯಾಯಾಲಯದ ಸ್ಥಿರೀಕರಣ ಬೇಕಾಗಿಲ್ಲ. ವಿವಾಹ ನಡೆದ ಸ್ಥಳದಲ್ಲಿ ಅಥವಾ ದಂಪತಿಗಳು ವಾಸಿಸುವ ಇಲ್ಲವೆ ಕಡೆಯದಾಗಿ ಕೂಡಿ ವಾಸಿಸಿದ ಸ್ಥಳದಲ್ಲಿ ಅರ್ಜಿ ಹಾಕಬಹುದು. ಹೀಗಾಗಿ, ಪತಿಯ ಊರು ದೂರವಿದ್ದರೂ ತನ್ನ ವಿವಾಹ ನಡೆದ ಧರ್ಮಕೇಂದ್ರವಿರುವ ಜಿಲ್ಲೆಯಲ್ಲಿಯೇ ಹೆಣ್ಣುಮಗಳು ನ್ಯಾಯ ಕೇಳಬಹುದು.

ಪರಸ್ಪರ ಸಮ್ಮತಿಯ ವಿಚ್ಛೇದನವೂ 2001ರಲ್ಲಿ ಬಂದದ್ದೇ. ಕಾಯಿದೆಯ ಅಕ್ಷರದಂತೆ ಎರಡು ವರ್ಷ ಬೇರೆಯಾಗಿ ವಾಸಿಸಿರಬೇಕು. ಬೇರೆ ಸಮುದಾಯಗಳಿಗೆ ಒಂದು ವರ್ಷ ಸಾಕಾಗಿರುವಾಗ ಕ್ರೈಸ್ತರಿಗೆ ಮಾತ್ರ ಎರಡೇಕೆ ಎಂದು ಕೇಳಿ, 2010ರಲ್ಲಿ ಕೇರಳದ ಮತ್ತು 2014ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯಗಳು ಅದನ್ನು ಒಂದು ವರ್ಷಕ್ಕೆ ಇಳಿಸಿ ಓದಿದವು. ವಿಚ್ಛೇದನವನ್ನು ಬಯಸದವರಿಗೆ ಅದೇ ಕಾಯಿದೆಯಲ್ಲಿ ನ್ಯಾಯಾಂಗೀಯ ಪ್ರತ್ಯೇಕವಾಸವೆಂಬ ಮಾರ್ಗವಿದೆ. ವ್ಯಭಿಚಾರ, ಕ್ರೌರ್ಯ ಅಥವಾ ಎರಡು ವರ್ಷಗಳ ಪರಿತ್ಯಾಗದ ಆಧಾರದ ಮೇಲೆ ಅದನ್ನು ಪಡೆಯಬಹುದು. ವಿವಾಹ ಉಳಿಯುತ್ತದೆ, ರಕ್ಷಣೆಯೂ ದೊರೆಯುತ್ತದೆ. ಬಂಧನವನ್ನು ಮನಸ್ಸಾರೆ ಗೌರವಿಸುವ ಕಥೋಲಿಕರಿಗೆ ಅನೇಕ ವೇಳೆ ಇದೇ ತಕ್ಕ ದಾರಿ. ವಕೀಲರು ತಾವಾಗಿ ಇದನ್ನು ಸೂಚಿಸದಿದ್ದರೆ ನಾವೇ ಕೇಳಬೇಕು.

ಜೀವನಾಂಶದ ಪ್ರಶ್ನೆ ಅತ್ಯಂತ ತುರ್ತಿನದು. ಅಕ್ಕಿಯ ಡಬ್ಬ ತೀರ್ಪಿಗಾಗಿ ಕಾಯುವುದಿಲ್ಲ. ವಿಚ್ಛೇದನ ಕಾಯಿದೆಯ 36ನೆಯ ಕಲಮಿನಂತೆ ಮೊಕದ್ದಮೆ ನಡೆಯುವಾಗಲೇ ಪತ್ನಿ ಮಧ್ಯಂತರ ಜೀವನಾಂಶವನ್ನೂ ದಾವೆಯ ಖರ್ಚನ್ನೂ ಕೇಳಬಹುದು. ಹಿಂದೆ ಪತಿಯ ವರಮಾನದ ಐದನೆಯ ಒಂದು ಭಾಗವನ್ನು ಮೀರುವಂತಿರಲಿಲ್ಲ; ಆ ಮಿತಿಯನ್ನು 2001ರಲ್ಲಿ ತೆಗೆದುಹಾಕಲಾಯಿತು. ನೋಟೀಸು ಜಾರಿಯಾದ 60 ದಿನಗಳೊಳಗೆ ಸಾಧ್ಯವಾದಷ್ಟೂ ಇದನ್ನು ಇತ್ಯರ್ಥಪಡಿಸಬೇಕೆಂದು ಕಾಯಿದೆ ಹೇಳುತ್ತದೆ. ಡಿಕ್ರಿಯ ನಂತರದ ಶಾಶ್ವತ ಜೀವನಾಂಶವನ್ನು 37ನೆಯ ಕಲಮಿನಡಿ ಗೊತ್ತುಮಾಡುವಾಗ, ಪತ್ನಿಗಿರುವ ಸ್ವತ್ತು, ಪತಿಯ ಶಕ್ತಿ ಮತ್ತು ಇಬ್ಬರ ನಡತೆ ಇವುಗಳನ್ನು ನ್ಯಾಯಾಲಯ ತೂಗಿನೋಡುತ್ತದೆ.

ವಿಚ್ಛೇದನದ ದಾವೆಯನ್ನೇ ಹೂಡದೆಯೂ ಜೀವನಾಂಶವನ್ನು ಪಡೆಯಬಹುದು. ದಂಡಪ್ರಕ್ರಿಯಾ ಸಂಹಿತೆಯ 125ನೆಯ ಕಲಮು ಎಂದು ನಾವೆಲ್ಲ ಕೇಳಿದ್ದ ಆ ವಿಧಿ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿದೆ. ಪತ್ನಿ, ಮರುವಿವಾಹವಾಗದ ವಿಚ್ಛೇದಿತೆ, ಅಪ್ರಾಪ್ತ ಮಕ್ಕಳು, ನಿರ್ಗತಿಕರಾದ ತಂದೆತಾಯಿ ಎಲ್ಲರಿಗೂ, ಯಾವ ಧರ್ಮದವರಾದರೂ, ಅದು ಆಸರೆ. ಇಲ್ಲಿ ಎರಡು ಎಚ್ಚರಿಕೆಗಳು. ಮೊದಲನೆಯದು, ದಂಪತಿಗಳು ಪರಸ್ಪರ ಸಮ್ಮತಿಯಿಂದ ಬೇರೆಯಾಗಿ ವಾಸಿಸುತ್ತಿದ್ದರೆ ಪತ್ನಿಗೆ ಈ ಕಲಮಿನ ಜೀವನಾಂಶ ದೊರೆಯದು. ಆದುದರಿಂದ ಹಿರಿಯರು ಜಗಲಿಯ ಮೇಲೆ ಕುಳಿತು ಬರೆಸುವ ಬೇರ್ಪಡೆಯ ಪತ್ರಕ್ಕೆ ಓದದೆ ಸಹಿ ಹಾಕಬಾರದು. ಎರಡನೆಯದು, ಆಜ್ಞೆಯಾದ ಮೇಲೂ ಪತಿ ಹಣ ಕೊಡದಿದ್ದರೆ ವಸೂಲಿಯ ಅರ್ಜಿಯನ್ನು ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು. ಇಂದಲ್ಲ ನಾಳೆ ಕೊಟ್ಟಾನೆಂದು ಸುಮ್ಮನಿದ್ದರೆ ಹಳೆಯ ಬಾಕಿಗೆ ವಾರಂಟು ಪಡೆಯುವ ಅವಕಾಶ ತಪ್ಪಿಹೋಗುತ್ತದೆ.

2020ರ ನವೆಂಬರಿನಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ಮಹತ್ತ್ವದ ಕ್ರಮವನ್ನು ಹಾಕಿಕೊಟ್ಟಿತು. ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ವಿವರವನ್ನು ಪ್ರಮಾಣಪೂರ್ವಕವಾಗಿ ಸಲ್ಲಿಸಬೇಕು. ಜೀವನಾಂಶ ಅರ್ಜಿಯ ದಿನದಿಂದಲೇ ಸಲ್ಲಬೇಕು. ಆದುದರಿಂದ ಕಾಗದಪತ್ರಗಳನ್ನು ಕಾಪಾಡಿಕೊಳ್ಳುವುದು ಮುಖ್ಯ. ದೇವಾಲಯದ ವಿವಾಹ ಪ್ರಮಾಣಪತ್ರ, ಮಕ್ಕಳ ಜನನ ಪತ್ರ, ಶಾಲೆಯ ಶುಲ್ಕದ ರಸೀತಿ, ವೈದ್ಯರ ಚೀಟಿ, ಬ್ಯಾಂಕಿನ ಪಾಸ್‌ಪುಸ್ತಕ, ಸಂಬಳದ ಚೀಟಿ ಇವೆಲ್ಲದರ ಪ್ರತಿಗಳು ತಾಯಿಯ ಬಳಿಯೂ ಇರಬೇಕು.

ಮನೆಯಿಂದ ಹೊರದೂಡಲ್ಪಟ್ಟವರಿಗೆ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ ಇದೆ. ಅದರಡಿ ವಾಸದ ಹಕ್ಕು, ಹಣದ ನೆರವು, ಮಕ್ಕಳ ತಾತ್ಕಾಲಿಕ ಪಾಲನೆ ಈ ಮೂರನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ಮನೆ ಅತ್ತೆಮಾವಂದಿರ ಹೆಸರಿನಲ್ಲಿದ್ದರೂ ಅದು ದಂಪತಿಗಳ ಸಂಸಾರ ನಡೆದ ಮನೆಯಾಗಿದ್ದರೆ ಸೊಸೆ ವಾಸದ ಹಕ್ಕನ್ನು ಕೇಳಬಹುದೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ತಿಳಿಸಿದೆ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಸ್ತ್ರೀಯರಿಗೂ ಮಕ್ಕಳಿಗೂ, ಅವರ ವರಮಾನ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಲ್ಲುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಯಲ್ಲಿ ವಿಚಾರಿಸಿದರೆ ಸಾಕು.

ಈಗ ಮಕ್ಕಳ ಮಾತು. ನಮ್ಮ ಮಾತಿನ ತಿರುಳೂ ಇದೇ. ಮಗು ತಂದೆಗೆ ಸೇರಿದ್ದೋ ತಾಯಿಗೆ ಸೇರಿದ್ದೋ ಎಂಬ ಪ್ರಶ್ನೆಯೇ ತಪ್ಪು. ವಿಚ್ಛೇದನ ಕಾಯಿದೆಯ 41ರಿಂದ 44ರವರೆಗಿನ ಕಲಮುಗಳೂ 1890ರ ರಕ್ಷಕರು ಮತ್ತು ಪಾಲ್ಯರ ಕಾಯಿದೆಯೂ ನ್ಯಾಯಾಧೀಶರ ಕೈಗೆ ಈ ವಿಷಯವನ್ನು ಒಪ್ಪಿಸಿವೆ. ಅವರು ಹಿಡಿಯುವ ಅಳತೆಗೋಲು ಒಂದೇ, ಮಗುವಿನ ಹಿತ. ಮಗುವಿನ ವಯಸ್ಸು, ಆರೋಗ್ಯ, ಶಾಲೆ, ಈವರೆಗೆ ಅದನ್ನು ನೋಡಿಕೊಂಡವರು ಯಾರು ಎಂಬುದು, ಎರಡೂ ಮನೆಗಳ ವಾತಾವರಣ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ವಿವೇಚನೆ ಬಂದ ಮಗುವಾದರೆ ಅದರ ಇಚ್ಛೆಯನ್ನೂ ಕೇಳಬಹುದು. ತಂದೆ ಹೆಚ್ಚು ಸಂಪಾದಿಸುತ್ತಾನೆಂಬುದಾಗಲಿ, ತಾಯಿ ಹೆತ್ತವಳೆಂಬುದಾಗಲಿ ತಾನೊಂದೇ ನಿರ್ಣಾಯಕವಾಗದು. ಒಬ್ಬರಿಗೆ ಪಾಲನೆ ದೊರೆತರೆ ಸಾಮಾನ್ಯವಾಗಿ ಇನ್ನೊಬ್ಬರಿಗೆ ಭೇಟಿಯ ಅವಕಾಶವಿರುತ್ತದೆ. ಈ ಆಜ್ಞೆಗಳು ಶಿಲಾಶಾಸನಗಳಲ್ಲ. ಪರಿಸ್ಥಿತಿ ಬದಲಾದಾಗ ಮಾರ್ಪಡಿಸುವಂತೆ ಕೇಳಬಹುದು.

ಇಲ್ಲಿ ನಾವು ಮತ್ತೆ ಮತ್ತೆ ಕಾಣುವ ದುರಂತವೊಂದಿದೆ. "ಮಗುವನ್ನು ತೋರಿಸದಿದ್ದರೆ ಹಣ ಕೊಡುವುದಿಲ್ಲ" ಎಂದು ತಂದೆ ಹಟ ಹಿಡಿಯುತ್ತಾನೆ. "ಹಣ ಕೊಡದಿದ್ದರೆ ಮಗುವನ್ನು ತೋರಿಸುವುದಿಲ್ಲ" ಎಂದು ತಾಯಿ ಬಾಗಿಲು ಮುಚ್ಚುತ್ತಾಳೆ. ಇವೆರಡು ಬೇರೆ ಬೇರೆ ಹೊಣೆಗಳು. ಒಂದನ್ನು ತಡೆಹಿಡಿದು ಇನ್ನೊಂದನ್ನು ವಸೂಲುಮಾಡುವಂತಿಲ್ಲ. ಹಣವೂ ಮಗುವಿನದೇ, ತಂದೆಯ ಮುಖವನ್ನು ಕಾಣುವ ಹಕ್ಕೂ ಮಗುವಿನದೇ. ಪರಸ್ಪರ ಸಮ್ಮತಿಯ ಪತ್ರದಲ್ಲಿ "ಮುಂದೆ ಮಗುವಿಗಾಗಿ ಏನನ್ನೂ ಕೇಳುವುದಿಲ್ಲ" ಎಂದು ತಾಯಿಯಿಂದ ಬರೆಸಿಕೊಳ್ಳುವವರಿದ್ದಾರೆ. ತನ್ನ ಪಾಲನ್ನು ಆಕೆ ಬಿಡಬಹುದಾದರೂ ಮಗುವಿನ ಅನ್ನವನ್ನು ಬಿಟ್ಟುಕೊಡುವ ಅಧಿಕಾರ ಆಕೆಗೆಲ್ಲಿಯದು? ಮಗುವನ್ನು ಒತ್ತೆಯಾಳಾಗಿ ಇಟ್ಟುಕೊಳ್ಳಬಾರದೆಂದು ವಿಶ್ವಗುರು ಫ್ರಾನ್ಸಿಸ್‌ರವರು ಕುಟುಂಬ ಕುರಿತ ತಮ್ಮ 2016ರ ಪ್ರೇಷಿತ ಪ್ರಬೋಧನೆಯಲ್ಲಿ ಬೇರ್ಪಟ್ಟ ದಂಪತಿಗಳನ್ನು ಬೇಡಿಕೊಂಡಿದ್ದಾರೆ. ಪ್ರಥಮ ಪರಮಪ್ರಸಾದದ ದಿನ ಮಗುವಿನ ಬಲಗಡೆ ಯಾರು ನಿಲ್ಲಬೇಕೆಂಬ ಜಗಳಕ್ಕೂ ಈ ಮಾತು ಅನ್ವಯಿಸುತ್ತದೆ.

ನಮ್ಮವರಲ್ಲಿ ಅನೇಕರು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಾರೆ. ವಿದೇಶದ ನ್ಯಾಯಾಲಯದ ವಿಚ್ಛೇದನ ಇಲ್ಲಿ ತಾನಾಗಿಯೇ ಸಿಂಧುವಾಗುವುದಿಲ್ಲ. ನಮ್ಮ ವಿವಾಹಕ್ಕೆ ಅನ್ವಯಿಸುವ ಕಾನೂನಿನ ಕಾರಣಗಳ ಮೇಲೆ, ಅಧಿಕಾರವುಳ್ಳ ನ್ಯಾಯಾಲಯದಲ್ಲಿ, ಎದುರುಪಕ್ಷಕ್ಕೆ ನಿಜವಾದ ಅವಕಾಶವಿತ್ತು ನಡೆದಿರಬೇಕೆಂಬುದು 1991ರಲ್ಲಿ ನರಸಿಂಹರಾವ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹಾಕಿದ ಸೂತ್ರ. ಹೊರದೇಶದಿಂದ ನೋಟೀಸು ಬಂದರೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಮರೆಯದೆ ಕೂಡಲೇ ತಿಳಿದವರಿಗೆ ತೋರಿಸಬೇಕು. ಮಕ್ಕಳ ಪಾಸ್‌ಪೋರ್ಟು ಯಾರ ಬಳಿ ಇರಬೇಕೆಂಬುದನ್ನು ಪಾಲನೆಯ ಆಜ್ಞೆಯಲ್ಲಿಯೇ ಸೇರಿಸುವಂತೆ ಕೇಳುವುದು ಒಳಿತು.

ಕಡೆಯದಾಗಿ, ಧರ್ಮಕೇಂದ್ರವಾಗಿ ನಮ್ಮ ಕರ್ತವ್ಯವೇನು? ರಾಜಿಗೆ ಪ್ರಯತ್ನಿಸುವುದು ಮೊದಲ ಕರ್ತವ್ಯ ನಿಜ. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯೂ ನ್ಯಾಯಾಧೀಶರಿಗೆ ಅದನ್ನೇ ವಿಧಿಸಿದೆ. ಆದರೆ ಮೈಮೇಲೆ ಬಾಸುಂಡೆಯಿರುವವಳನ್ನು "ಸ್ವಲ್ಪ ಸಹಿಸಿಕೊಳ್ಳಮ್ಮ" ಎಂದು ಹಿಂದಕ್ಕೆ ಕಳುಹಿಸುವುದು ರಾಜಿಯಲ್ಲ. ಮೊದಲು ಆಕೆಯ ಸುರಕ್ಷತೆ, ಬಳಿಕ ಮಾತುಕತೆ. ಮಗುವಿನಿಂದ ದೂರವಾಗಿ ಮೌನವಾಗಿ ನೋಯುವ ತಂದೆಯ ದುಃಖವನ್ನೂ ಕೇಳುವ ಕಿವಿ ನಮಗಿರಬೇಕು. ಬೇರ್ಪಟ್ಟವರ ಮಕ್ಕಳನ್ನು ಧರ್ಮೋಪದೇಶದ ತರಗತಿಯಲ್ಲಿ ಇತರರಿಂದ ಬೇರೆಯಾಗಿ ಕಾಣಬಾರದು. ಕಿರುಕ್ರೈಸ್ತ ಸಮುದಾಯದ ಸಭೆಯಲ್ಲಿ ಒಂಟಿ ತಾಯಿಯ ಮನೆಯನ್ನು ದಾಟಿಹೋಗಬಾರದು. ಯಾವ ಕಚೇರಿಗೆ ಹೋಗಬೇಕು, ಯಾವ ಕಾಗದ ಬೇಕು, ಯಾವ ಗಡುವು ಮೀರಬಾರದು ಎಂಬುದನ್ನು ತಿಳಿಸಬಲ್ಲ ಇಬ್ಬರು ಮೂವರು ಪ್ರತಿ ಧರ್ಮಕೇಂದ್ರದಲ್ಲೂ ಸಿದ್ಧರಾಗಬೇಕು. ಶತಮಾನೋತ್ಸವದ ನೆನಪಿಗೆ ಕಲ್ಲಿನ ಕಟ್ಟಡದ ಜೊತೆಗೆ ಇಂಥದೊಂದು ಸೇವೆಯನ್ನೂ ಆರಂಭಿಸಬೇಕೆಂದು ಪಾಲನಾ ಸಮಿತಿಯನ್ನು ಕೋರುತ್ತೇವೆ.

ವಿವಾಹ ಪವಿತ್ರವೆಂದು ನಂಬುವ ನಾವು, ಆ ವಿವಾಹದಿಂದ ಹುಟ್ಟಿದ ಹೊಣೆಗಳನ್ನೂ ಪವಿತ್ರವೆಂದೇ ನಂಬಬೇಕು. ದಂಪತಿಗಳು ಬೇರೆಯಾಗಬಹುದು, ತಂದೆತಾಯ್ತನಕ್ಕೆ ವಿಚ್ಛೇದನವಿಲ್ಲ. ನ್ಯಾಯವನ್ನು ಅರಸಿ ಹೊರಟವರಿಗೆ ನಮ್ಮ ದೇವಾಲಯದ ಬಾಗಿಲು ಎಂದೂ ಮುಚ್ಚದಿರಲಿ ಎಂದು ಪ್ರಾರ್ಥಿಸುತ್ತೇವೆ.